ರೇಡಿಯೊ ಕರಕರ ಅಂದದ್ದಕ್ಕೆ ರೂಫ್ ಲೈನಿಂಗ್ ಬಿಚ್ಚಿದ್ದು: ಒಂದು ಪ್ರಕರಣ ಅಧ್ಯಯನ

ವಾಹನ ನನ್ನ ಹತ್ತಿರ ಬಂದದ್ದು ರೇಡಿಯೊ ಸರಿಮಾಡಿಸಲಿಕ್ಕೆ. ಛಾವಣಿಯ ಮೇಲೆ ಹಾಕಿಸಿದ್ದ ಲೈಟ್‌ಗಳ ಬಗ್ಗೆ ಮಾಲೀಕರಿಗೆ ತಕರಾರೇ ಇರಲಿಲ್ಲ. ‘ಲೈಟ್ ಚೆನ್ನಾಗಿವೆ, ಅವನ್ನ ಮುಟ್ಟಬೇಡಿ. ಹಾಕಿದ ಕೂಡಲೇ ರೇಡಿಯೊ ಕರಕರ ಅನ್ನುತ್ತೆ, ಅದೊಂದು ನೋಡಿ ಸಾಕು’ ಅಂದರು. ಮೂರು ದಿನ ಕಳೆಯುವ ಹೊತ್ತಿಗೆ ಅದೇ ವಾಹನ ರೂಫ್ ಲೈನಿಂಗ್ (ಛಾವಣಿಯ ಒಳಮೈಗೆ ಹಾಕಿದ ಹೊದಿಕೆ) ಅರ್ಧ ಇಳಿಬಿಟ್ಟುಕೊಂಡು, ಮುಂದಿನ ಸೀಟು ಮಲಗಿಸಿಕೊಂಡು ನಿಂತಿತ್ತು. ರೇಡಿಯೊ ಮಾತು ಎಲ್ಲೋ ಹಿಂದೆ ಉಳಿದಿತ್ತು.

ಈ ಕೆಲಸಕ್ಕೆ ಕೈ ಹಾಕುವ ಬೇರೆಯವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ಬರೆದಿಡುತ್ತಿದ್ದೇನೆ. ಮಾಲೀಕರದ್ದಾಗಲಿ, ವಾಹನದ್ದಾಗಲಿ, ಮೊದಲು ವೈರಿಂಗ್ ಮಾಡಿದವರದ್ದಾಗಲಿ ಗುರುತು ಸಿಗಬಾರದು ಅಂತ ಕೆಲವು ವಿವರ ಬಿಟ್ಟಿದ್ದೇನೆ. ನನ್ನ ತಪ್ಪುಗಳನ್ನು ಬಿಟ್ಟಿಲ್ಲ.

ಹಿನ್ನೆಲೆ

ಏಳು ಸೀಟಿನ ಎತ್ತರದ ವಾಹನ. ಮಾಲೀಕರ ಓಡಾಟ ಹೆಚ್ಚಾಗಿ ರಾತ್ರಿ ಹೊತ್ತು, ಟಾರು ಕಾಣದ ದಾರಿಗಳಲ್ಲಿ. ಛಾವಣಿಯ ಮೇಲೆ ಕ್ಯಾರಿಯರ್. ಅದರ ಮುಂದಿನ ಅಂಚಿಗೆ 120 ವ್ಯಾಟ್‌ನ ಎಲ್‌ಇಡಿ ಲೈಟ್ ಬಾರ್, ಎಡಕ್ಕೊಂದು ಬಲಕ್ಕೊಂದು ಹಿಂದಕ್ಕೊಂದು 18 ವ್ಯಾಟ್‌ನ ಕೆಲಸದ ಲೈಟ್. ಒಟ್ಟು 174 ವ್ಯಾಟ್. ಎಲ್ಲಕ್ಕೂ ಸೇರಿ ಒಂದೇ ಸ್ವಿಚ್, ಒಂದೇ ಜೋಡಿ ವೈರು.

ಆ ವೈರು ಹಿಡಿದ ದಾರಿ ಹೀಗಿತ್ತು: ಬಾನೆಟ್ ಒಳಗಿನ ಬ್ಯಾಟರಿಯಿಂದ ಡ್ಯಾಶ್‌ಬೋರ್ಡ್ ಕೆಳಕ್ಕೆ, ಅಲ್ಲಿಂದ ಡ್ರೈವರ್ ಕಡೆಯ ಎ ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಹತ್ತಿ, ಬಾಗಿಲುಗಳ ಮೇಲಿನ ಲೈನಿಂಗ್ ಅಂಚಿನುದ್ದಕ್ಕೂ ಹಿಂದಿನ ಮೂಲೆಯವರೆಗೆ, ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್ ಸಂದಿಯಿಂದ ಹೊರಕ್ಕೆ, ಆಮೇಲೆ ಕ್ಯಾರಿಯರ್ ಮೇಲೆ ಮತ್ತೆ ಮುಂದಕ್ಕೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಮುಂದೆ ಇರುವ ಲೈಟ್‌ಗೆ ಮುಂದೆಯೇ ಇರುವ ಬ್ಯಾಟರಿಯಿಂದ ಕರೆಂಟು ಕೊಡಲು ಸುಮಾರು 8 ಮೀಟರ್ ಸುತ್ತು.

ಮಾಡಿದವರನ್ನು ನಾನು ಬೈಯುವುದಿಲ್ಲ. ಲೈನಿಂಗಿನ ಅಂಚು ಬಾಗಿಲಿನ ಬೀಡಿಂಗ್ ಒಳಗೆ ಸಿಕ್ಕಿಸಿರುತ್ತದೆ. ಬೀಡಿಂಗ್ ಸ್ವಲ್ಪ ಎಳೆದರೆ ಸಂದಿ ಬಿಡುತ್ತದೆ, ಬೆರಳಿನಿಂದಲೋ ಪ್ಲಾಸ್ಟಿಕ್ ಪಟ್ಟಿಯಿಂದಲೋ ವೈರನ್ನು ಒಳಗೆ ತಳ್ಳಿಕೊಂಡು ಹೋಗಬಹುದು. ಒಂದು ಸ್ಕ್ರೂ ಬಿಚ್ಚಬೇಕಾಗಿಲ್ಲ, ಛಾವಣಿಗೆ ತೂತು ಹೊಡೆಯಬೇಕಾಗಿಲ್ಲ, ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಮೊದಲು ಕೈ ಹೋಗುವುದೇ ಅಲ್ಲಿಗೆ. ಹಳೇ ಕಾಲದ ವಾಹನಗಳಲ್ಲಿ ನನ್ನ ಕೈಯೂ ಹೋಗಿದೆ. ಆಗ ಆ ಅಂಚಿನ ಹಿಂದೆ ಬರಿಯ ತಗಡು, ಹೆಚ್ಚೆಂದರೆ ಒಳಗಿನ ದೀಪದ ವೈರು. ಈಗ ಅಲ್ಲಿ ಬೇರೆಯವರು ಮನೆ ಮಾಡಿಕೊಂಡಿದ್ದಾರೆ.

ದೂರು ಒಂದು, ಕಂಡದ್ದು ಇನ್ನೊಂದು

ಲೈಟ್ ಹಾಕಿದರೆ ಎಫ್‌ಎಂ ಕರಕರ ಅನ್ನುತ್ತದೆ, ಆರಿಸಿದರೆ ಸರಿಹೋಗುತ್ತದೆ. ಮಾಲೀಕರು ನನ್ನ ಹತ್ತಿರ ಬರುವ ಮೊದಲೇ ರೇಡಿಯೊ ಸೆಟ್ಟನ್ನೇ ಬದಲಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾತಿನ ನಡುವೆ ಇನ್ನೆರಡು ವಿಷಯ ಹೊರಬಿದ್ದವು. ಕೆಟ್ಟ ರಸ್ತೆಯಲ್ಲಿ ತಲೆ ಮೇಲೆ ಟಿಕ್ ಟಿಕ್ ಸದ್ದು, ಜೋರು ಮಳೆ ಬಂದ ಮರುದಿನ ಹಿಂದಿನ ಬಲ ಮೂಲೆಯ ಲೈನಿಂಗ್ ಮೇಲೆ ಒದ್ದೆ ಕಲೆ. ಎಂಜಿನ್ ಆರಿಸಿದ್ದಾಗ ಲೈಟ್ ಹಾಕಿದರೆ ಮಿಣಮಿಣ ಅನ್ನುತ್ತದೆ ಎಂಬುದನ್ನು ಅವರು ದೂರು ಅಂತ ಎಣಿಸಿಯೇ ಇರಲಿಲ್ಲ. ‘ಬ್ಯಾಟರಿ ಹಳೇದಾಗಿರಬೇಕು’ ಅಂದುಕೊಂಡಿದ್ದರಂತೆ.

ನನ್ನ ಕಿವಿ ನಿಮಿರಿದ್ದು ಆ ಮಿಣಮಿಣಕ್ಕೆ. ಮೀಟರ್ ಹಿಡಿದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 14.0 ವೋಲ್ಟ್, ಲೈಟ್ ಬಾರ್‌ನ ಪ್ಲಗ್ ಹತ್ತಿರ 10.5. ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ 16.5 ಆಂಪಿಯರ್ ತೋರಿಸಿತು.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಹಾಕಿದ್ದದ್ದು 1.5 ಚದರ ಮಿ.ಮೀ. ತಾಮ್ರದ ವೈರು. ಅದರ ರೋಧ ಮೀಟರಿಗೆ ಸುಮಾರು 0.0133 ಓಮ್. ಹೋಗಲು 8 ಮೀಟರ್, ಬರಲು 8 ಮೀಟರ್, ಒಟ್ಟು 0.21 ಓಮ್. ಅದರ ಮೂಲಕ 16.5 ಆಂಪಿಯರ್ ಹರಿದರೆ ದಾರಿಯಲ್ಲೇ ಮೂರೂವರೆ ವೋಲ್ಟ್ ಸೋರಿಹೋಗುತ್ತದೆ. ಹಳೇ ಬಲ್ಬ್ ಆಗಿದ್ದರೆ ಬೆಳಕು ಮಂಕಾಗುತ್ತಿತ್ತು, ಮಾಲೀಕರಿಗೆ ಅಂದೇ ಗೊತ್ತಾಗುತ್ತಿತ್ತು. ಇಂಥ ಎಲ್‌ಇಡಿ ಬಾರ್‌ನ ಡ್ರೈವರ್ ಸರ್ಕ್ಯೂಟ್ (ಎಲ್‌ಇಡಿಗೆ ಕರೆಂಟು ಅಳೆದು ಕೊಡುವ ಒಳಗಿನ ಸರ್ಕ್ಯೂಟ್) ಹಾಗೆ ಸುಮ್ಮನಿರುವುದಿಲ್ಲ. ವೋಲ್ಟೇಜ್ ಕಡಿಮೆಯಾದರೆ ಆಂಪಿಯರ್ ಹೆಚ್ಚು ಎಳೆದುಕೊಂಡು ಬೆಳಕನ್ನು ಅಷ್ಟೇ ಇಡಲು ನೋಡುತ್ತದೆ. ಆಂಪಿಯರ್ ಹೆಚ್ಚಿದಷ್ಟೂ ವೈರಿನಲ್ಲಿ ಮತ್ತಷ್ಟು ಸೋರಿಕೆ, ಅದಕ್ಕೆ ಮತ್ತಷ್ಟು ಎಳೆತ. 174 ವ್ಯಾಟ್‌ಗೆ 13 ಆಂಪಿಯರ್ ಸಾಕಿತ್ತು, ಇಲ್ಲಿ 16.5 ಆಗಿತ್ತು. ಎಂಜಿನ್ ಆರಿಸಿ ಬ್ಯಾಟರಿ ಹನ್ನೆರಡೂವರೆಗೆ ಇಳಿದರೆ ಈ ಎಳೆದಾಟ ನಿಭಾಯಿಸಲಾಗದ ಮಟ್ಟಕ್ಕೆ ಹೋಗುತ್ತದೆ. ಮಿಣಮಿಣ ಅಂದರೆ ಅದೇ.

ದಾರಿಯಲ್ಲಿ ಸೋರಿದ್ದು ಎಲ್ಲಿಗೆ ಹೋಗುತ್ತದೆ? ಶಾಖವಾಗಿ ವೈರಿನಲ್ಲೇ ಉಳಿಯುತ್ತದೆ. ಮೂರೂವರೆ ವೋಲ್ಟ್, ಹದಿನಾರೂವರೆ ಆಂಪಿಯರ್ ಗುಣಿಸಿದರೆ 58 ವ್ಯಾಟ್. ಒಂದು ಸೋಲ್ಡರಿಂಗ್ ಐರನ್ ಶಾಖವನ್ನು ಎಂಟು ಮೀಟರಿಗೆ ಹರಡಿದ ಹಾಗೆ. ಅದೂ ಫೋಮ್ ಮತ್ತು ಬಟ್ಟೆಯ ನಡುವೆ, ಗಾಳಿಯಾಡದ ಕಡೆ, ಬಿಸಿಲಿಗೆ ಕಾದ ತಗಡಿನ ಕೆಳಗೆ. ಇಂಥ ವೈರಿಗೆ ಅವರು ಹಾಕಿದ್ದ ಫ್ಯೂಸ್ 30 ಆಂಪಿಯರ್‌ದು, ಅದೂ ಡ್ಯಾಶ್‌ಬೋರ್ಡ್ ಕೆಳಗೆ, ಬ್ಯಾಟರಿಯಿಂದ ಒಂದೂವರೆ ಮೀಟರ್ ದೂರ. ಫ್ಯೂಸ್ ಇರುವುದು ಲೈಟ್ ಉಳಿಸಲಿಕ್ಕಲ್ಲ, ವೈರು ಉಳಿಸಲಿಕ್ಕೆ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರನ್ನು ಕಾಯುವವರು ಯಾರೂ ಇಲ್ಲ, ಅದಕ್ಕೇ ಫ್ಯೂಸ್ ಬ್ಯಾಟರಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು.

ಇಷ್ಟರ ಮೇಲೆ ವೈರು ಬದಲಿಸಬೇಕು ಅಂತ ಮಾಲೀಕರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಹಳೇ ವೈರನ್ನು ಎಳೆದು ತೆಗೆಯೋಣ ಅಂತ ಎ ಪಿಲ್ಲರ್ ಮುಚ್ಚಳ ಬಿಚ್ಚಿದೆ.

ಬಿಚ್ಚಿದವನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಕರ್ಟನ್ ಏರ್‌ಬ್ಯಾಗ್ ಉದ್ದಕ್ಕೆ ಸುರುಳಿ ಸುತ್ತಿ ಎ ಪಿಲ್ಲರ್‌ನಿಂದ ಹಿಂದಿನ ಪಿಲ್ಲರ್‌ವರೆಗೆ ಅಂಚಿನ ತಗಡಿಗೆ ಕೂತಿತ್ತು. ಹಳೇ ವೈರು ಅದರ ಮುಂದೆ, ಅಂದರೆ ಏರ್‌ಬ್ಯಾಗಿಗೂ ಲೈನಿಂಗಿಗೂ ನಡುವೆ. ಜಾರಬಾರದೆಂದು ಮೂರು ಕಡೆ ಕೇಬಲ್ ಟೈ. ಆ ಟೈಗಳನ್ನು ಸುತ್ತಿದ್ದು ಏರ್‌ಬ್ಯಾಗ್ ಸಮೇತ.

ಪಕ್ಕದಿಂದ ಡಿಕ್ಕಿಯಾದಾಗಲೋ ವಾಹನ ಪಲ್ಟಿಯಾದಾಗಲೋ ಈ ಏರ್‌ಬ್ಯಾಗ್ ಸುಮಾರು 30 ಮಿಲಿಸೆಕೆಂಡಿನಲ್ಲಿ ಹೊರಬರಬೇಕು. ಲೈನಿಂಗಿನ ಅಂಚನ್ನು ತಾನೇ ತಳ್ಳಿಕೊಂಡು, ಪರದೆ ಬಿಟ್ಟ ಹಾಗೆ ಕಿಟಕಿಯ ಮುಂದೆ ಕೆಳಗಿಳಿಯಬೇಕು. ಅದರ ಹೊದಿಕೆ ಹರಿಯಲೆಂದೇ ಮಾಡಿದ್ದು. ಸುತ್ತ ಬಿಗಿದ ನೈಲಾನ್ ಟೈ ಹಾಗಲ್ಲ. ಟೈ ಕಟ್ಟಿದ ಜಾಗದಲ್ಲಿ ಏರ್‌ಬ್ಯಾಗ್ ತಡೆದು ನಿಲ್ಲಬಹುದು, ಓರೆಯಾಗಿ ಬಿಚ್ಚಿಕೊಳ್ಳಬಹುದು, ಮುಂದಿರುವ ವೈರನ್ನೂ ಅದರ ಜೋಡಣೆಗಳನ್ನೂ ಕೂತವರ ಮುಖದ ಕಡೆಗೆ ಎಸೆಯಬಹುದು. ಏನಾಗುತ್ತಿತ್ತು ಅಂತ ನಾನು ಹೇಳಲಾರೆ. ನೋಡುವ ಸಂದರ್ಭ ಬರಲಿಲ್ಲ, ಬರುವುದೂ ಬೇಡ.

ಇದರ ಬಗ್ಗೆ ಯಾವ ದೂರೂ ಇರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪವೂ ಹತ್ತಿರಲಿಲ್ಲ. ಆ ದೀಪ ನೋಡುವುದು ವಿದ್ಯುತ್ ಸಂಪರ್ಕ ಸರಿಯಿದೆಯೇ ಅಂತ, ಮೇಲೆ ಯಾರು ಏನು ಕಟ್ಟಿದ್ದಾರೆ ಅಂತ ಅಲ್ಲ.

ಮಾಲೀಕರನ್ನು ಕರೆಸಿ ತೋರಿಸಿದೆ. ಫೋಟೊ ಕಳಿಸಬಹುದಿತ್ತು, ಆದರೆ ಇಂಥದ್ದನ್ನು ಕಣ್ಣಾರೆ ನೋಡಿದರೇನೇ ಕೆಲಸ ಎರಡು ಪಟ್ಟು ಹೆಚ್ಚಿದ್ದು ಯಾಕೆ ಅಂತ ಅರ್ಥವಾಗುತ್ತದೆ. ಅವರು ಬಗ್ಗಿ ನೋಡಿ, ‘ಹಿಂದಿನ ಸೀಟಲ್ಲಿ ಮಕ್ಕಳು ಕೂರ್ತಾರಲ್ರೀ’ ಅಂದರು. ಅಲ್ಲಿಗೆ ರೇಡಿಯೊ ಮಾತು ನಿಂತಿತು.

ಮೂರು ದಾರಿ, ಮೂರಕ್ಕೂ ಒಂದೊಂದು ಅಡ್ಡಿ

ಹೊಸ ವೈರನ್ನು ಎಲ್ಲಿ ಎಳೆಯುವುದು?

ಹೊರಗಿನಿಂದಲೇ ಒಯ್ಯಬಹುದು: ಕ್ಯಾರಿಯರ್‌ನಿಂದ ಮುಂದಿನ ಗಾಜಿನ ಅಂಚಿನ ಪಟ್ಟಿಯ ಕೆಳಗೆ ಇಳಿಸಿ ಬಾನೆಟ್ ಸಂದಿಗೆ. ತೂತಿಲ್ಲ, ಲೈನಿಂಗ್ ಮುಟ್ಟುವ ಹಾಗಿಲ್ಲ, ಏರ್‌ಬ್ಯಾಗ್ ಗೊಡವೆ ಇಲ್ಲ. ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಮಾಲೀಕರು ತಲೆಯಾಡಿಸಿದರು. ಹಿಂದೊಮ್ಮೆ ಹಾಗೇ ಹಾಕಿಸಿದ್ದ ವೈರನ್ನು ದಾರಿ ಬದಿಯ ಕೊಂಬೆ ಕಿತ್ತುಹಾಕಿತ್ತಂತೆ, ನಡುರಾತ್ರಿಯಲ್ಲಿ. ಅವರ ದಾರಿಗಳನ್ನು ಬಲ್ಲವರು ಅವರು, ನಾನು ವಾದಿಸಲಿಲ್ಲ.

ಎರಡನೆಯದು, ಛಾವಣಿಯ ಮುಂಭಾಗದಲ್ಲಿ ತೂತು ಹೊಡೆದು, ಕೇಬಲ್ ಗ್ಲಾಂಡ್ (ವೈರನ್ನು ಬಿಗಿಹಿಡಿದು ನೀರು ತಡೆಯುವ ಬಿರಡೆ) ಕೂರಿಸಿ, ಅಲ್ಲಿಂದ ನೇರ ಕೆಳಕ್ಕೆ. ವೈರಿನ ಉದ್ದ ಅರ್ಧಕ್ಕಿಳಿಯುತ್ತದೆ. ‘ಛಾವಣಿಗೆ ಮಾತ್ರ ತೂತು ಬೇಡ’ ಅಂದರು.

ಮೂರನೆಯದು, ಹಿಂದಿನ ಬಾಗಿಲಿನ ಪ್ರವೇಶವನ್ನೇ ಉಳಿಸಿಕೊಂಡು, ಅಂಚಿನ ಬದಲು ಛಾವಣಿಯ ನಡುಮಧ್ಯದಿಂದ ಹಿಂದಿನಿಂದ ಮುಂದಕ್ಕೆ ವೈರು ತರುವುದು. ಏರ್‌ಬ್ಯಾಗ್ ಇರುವುದು ಎರಡೂ ಅಂಚಿನಲ್ಲಿ, ನಡುವೆ ಇಲ್ಲ. ತೂತೂ ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವವರಿಗೆ ಹೇಳಿ ಮಾಡಿಸಿದ ದಾರಿ. ನಾನು ಅದನ್ನೇ ಹಿಡಿದೆ. ಉದ್ದವಾಯಿತಲ್ಲ, ನೀರು ಬರುವ ಸಂದಿ ಹಾಗೇ ಉಳಿಯಿತಲ್ಲ ಅಂತ ಒಳಗೆ ಯಾರೋ ಹೇಳುತ್ತಿದ್ದರು. ದಪ್ಪ ವೈರು ಹಾಕಿದರಾಯಿತು, ಬೀಡಿಂಗ್ ಬದಲಿಸಿದರಾಯಿತು ಅಂತ ಸಮಾಧಾನ ಮಾಡಿಕೊಂಡೆ.

ಮೊದಲ ಪ್ರಯತ್ನ, ನನ್ನದೇ ತಪ್ಪು

ಬ್ಯಾಟರಿಯ ನೆಗೆಟಿವ್ ಕಳಚಿ ಕಾದೆವು. ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ಒಳಗೆ ಕೆಪಾಸಿಟರ್ ಇರುತ್ತದೆ. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗ್ ಸಿಡಿಸುವಷ್ಟು ಚಾರ್ಜ್ ಅದರಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಎಷ್ಟು ಹೊತ್ತು ಅನ್ನುವುದು ವಾಹನದ ಕೈಪಿಡಿಯಲ್ಲಿರುತ್ತದೆ, ಒಂದಕ್ಕೆ ಒಂದು ನಿಮಿಷ, ಇನ್ನೊಂದಕ್ಕೆ ಹತ್ತು. ಏರ್‌ಬ್ಯಾಗಿನ ಹಳದಿ ಬಣ್ಣದ ಕನೆಕ್ಟರ್‌ಗಳಿಗೆ ಕೈ ಹಾಕಬಾರದು, ಅವಕ್ಕೆ ಮಲ್ಟಿಮೀಟರ್ ಕಡ್ಡಿ ಮುಟ್ಟಿಸಲೇಬಾರದು. ಓಮ್ ಅಳೆಯುವಾಗ ಮೀಟರ್ ತನ್ನದೇ ಬ್ಯಾಟರಿಯಿಂದ ಕರೆಂಟು ಬಿಡುತ್ತದೆ ಅನ್ನುವುದು ಮರೆತೇ ಹೋಗುತ್ತದೆ.

ಟೈಗಳನ್ನು ಕತ್ತರಿಸುವಾಗ ಬ್ಲೇಡ್ ಬಳಸಲಿಲ್ಲ. ಟೈಯ ತಲೆಯನ್ನು ಮೇಲೆತ್ತಿ ಸಣ್ಣ ಕಟ್ಟರ್‌ನಿಂದ, ಹೊದಿಕೆಗೆ ತಾಗದ ಹಾಗೆ ತೆಗೆದೆ. ಹೊದಿಕೆ ಹರಿದಿರಲಿಲ್ಲ. ಆದರೆ ‘ಸರಿಯಿದೆ’ ಅಂತ ತೀರ್ಪು ಕೊಡುವ ಅರ್ಹತೆ ನನಗಿಲ್ಲ. ಏರ್‌ಬ್ಯಾಗ್ ಕೆಲಸದಲ್ಲಿ ತರಬೇತಾದವರೊಬ್ಬರನ್ನು ಕರೆಸಿ ತೋರಿಸಿದ ಮೇಲೆಯೇ ಮುಂದುವರಿದದ್ದು. ಹಾನಿಯಾಗಿದ್ದರೆ ರಿಪೇರಿ ಎಂಬ ಮಾತಿಲ್ಲ, ಇಡೀ ಯೂನಿಟ್ ಬದಲಿಸಬೇಕು. ಅವರು ಏರ್‌ಬ್ಯಾಗನ್ನು ಸರಿ ಅಂದರು, ಪಿಲ್ಲರ್ ಮುಚ್ಚಳದ ಕ್ಲಿಪ್ಪನ್ನು ಬೇಡ ಅಂದರು. ಇಂಥ ವಾಹನಗಳಲ್ಲಿ ಆ ಕ್ಲಿಪ್ಪಿಗೆ ಒಂದು ಬಾಲ ಇರುತ್ತದೆ. ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಮುಚ್ಚಳ ಸಡಿಲವಾಗಬೇಕು, ಆದರೆ ಹಾರಿಹೋಗಬಾರದು. ಅದನ್ನು ಹಿಡಿದಿಡುವುದು ಆ ಬಾಲ. ಹಿಂದೆ ಬಿಚ್ಚಿದವರು ಎಳೆದು ಮುರಿದು, ಅದನ್ನೇ ಮತ್ತೆ ಒತ್ತಿ ಕೂರಿಸಿದ್ದರು. ಹೊಸ ಕ್ಲಿಪ್ ತರಿಸಿದೆವು.

ಇಷ್ಟೆಲ್ಲ ಜೋಪಾನ ಮಾಡಿದವನು ಆಮೇಲೆ ಎಡವಿದ್ದು ಸೋಮಾರಿತನದಲ್ಲಿ. ಲೈನಿಂಗ್ ಪೂರ್ತಿ ಇಳಿಸುವುದು ಯಾಕೆ, ಹಿಂದಿನ ಅಂಚು ಮಾತ್ರ ಸಡಿಲಿಸಿ ಅಲ್ಲಿಂದ ಗಟ್ಟಿ ನೈಲಾನ್ ದಾರ ತೂರಿಸಿದರೆ ಮುಂದೆ ರೀಡಿಂಗ್ ಲ್ಯಾಂಪ್ ತೂತಿನಲ್ಲಿ ಹಿಡಿದುಕೊಳ್ಳಬಹುದು ಅಂದುಕೊಂಡೆ. ಛಾವಣಿಯ ತಗಡು ಒಂದೇ ಚಪ್ಪಟೆ ಹಾಳೆಯಲ್ಲ. ಅದರ ಕೆಳಗೆ ಎಡದಿಂದ ಬಲಕ್ಕೆ ಅಡ್ಡಪಟ್ಟಿಗಳಿರುತ್ತವೆ, ಪಟ್ಟಿಗೂ ತಗಡಿಗೂ ನಡುವೆ ಮೆತ್ತನೆ ಅಂಟು, ಅಲ್ಲಲ್ಲಿ ಸದ್ದು ತಡೆಯುವ ಹಾಳೆ. ಪಟ್ಟಿಯ ಕೆಳಗೆ ಲೈನಿಂಗ್ ಬಹುಪಾಲು ತಾಗಿಕೊಂಡೇ ಇರುತ್ತದೆ. ಎರಡು ಪಟ್ಟಿ ದಾಟಿದ ದಾರ ಮೂರನೆಯದರಲ್ಲಿ ಸಿಕ್ಕಿಕೊಂಡಿತು. ಹಿಂದೆಳೆದೆ, ತಿರುಗಿಸಿದೆ, ಮತ್ತೆ ತಳ್ಳಿದೆ. ಒಳಗೆ ಕೂತಿದ್ದ ನನ್ನ ಕೆಲಸದ ಹುಡುಗ ‘ಅಣ್ಣಾ, ನಿಲ್ಲಿಸಿ’ ಅನ್ನುವಷ್ಟರಲ್ಲಿ ಎರಡನೇ ಸಾಲಿನ ಸೀಟಿನ ಮೇಲೆ ಲೈನಿಂಗ್ ಕೆಳಕ್ಕೆ ಉಬ್ಬಿಬಿಟ್ಟಿತ್ತು, ನೆಲಗಡಲೆ ಗಾತ್ರದ ಗುಬುಟು.

ಲೈನಿಂಗ್ ಅಂದರೆ ಫೋಮ್ ಮತ್ತು ಗಾಜಿನ ನಾರನ್ನು ಒತ್ತಿ ಅಚ್ಚು ಹಾಕಿದ ತೆಳು ಹಲಗೆ, ಅದರ ಕೆಳಗೆ ಫೋಮ್ ಬೆನ್ನಿನ ಬಟ್ಟೆ. ಒಮ್ಮೆ ಮುರಿದ ಗೆರೆ, ಚುಚ್ಚಿದ ಗುರುತು ಅದರಲ್ಲಿ ಹೋಗುವುದಿಲ್ಲ. ಬಟ್ಟೆ ಹರಿಯಲಿಲ್ಲ, ಅಷ್ಟೇ ಪುಣ್ಯ.

ಕೆಲಸ ನಿಲ್ಲಿಸಿ ಮಾಲೀಕರಿಗೆ ಫೋನ್ ಮಾಡಿದೆ. ತಪ್ಪು ಹೇಳಿಕೊಂಡ ಮೇಲೆ, ಮೊದಲ ದಿನವೇ ಹೇಳಬೇಕಾಗಿದ್ದನ್ನೂ ಹೇಳಿದೆ: ‘ಸರ್, ಹಿಂದಿನಿಂದ ತರೋದೇ ತಪ್ಪು ಲೆಕ್ಕ. ನೀರು ಬರೋದು ಅಲ್ಲಿಂದ, ಉದ್ದ ಆಗೋದು ಅದರಿಂದ. ತೂತು ಒಂದು ಹೊಡೀಬೇಕು. ಸರಿಯಾಗಿ ಹೊಡೆದ ತೂತು ನೀರು ಬಿಡಲ್ಲ, ಬೀಡಿಂಗ್ ಕೆಳಗೆ ವೈರು ಸಿಕ್ಕಿಸಿದರೆ ಖಂಡಿತ ಬಿಡುತ್ತೆ.’ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಹೊಡೀರಿ. ಆದರೆ ಹೊಡೆಯೋವಾಗ ನಾನು ಅಲ್ಲಿ ಇರಲ್ಲ’ ಅಂದರು.

ಎರಡನೇ ದಾರಿ

ವಾಹನ ತಯಾರಿಸಿದವರ ವೈರುಗಳು ಎಲ್ಲಿ ಹೋಗುತ್ತವೆ ಅಂತ ಈ ಸಲ ಮೊದಲು ನೋಡಿದೆ. ರೀಡಿಂಗ್ ಲ್ಯಾಂಪ್‌ಗೂ ಮೈಕಿಗೂ ಹೋಗುವ ಕಂತೆ ಪ್ಯಾಸೆಂಜರ್ ಕಡೆಯ ಎ ಪಿಲ್ಲರ್ ಹತ್ತಿ, ಗಾಜಿನ ಮೇಲಂಚಿನ ತಗಡಿನ ಉದ್ದಕ್ಕೆ ಛಾವಣಿಯ ನಡುವಿನ ಕನ್ಸೋಲ್‌ಗೆ (ರೀಡಿಂಗ್ ಲ್ಯಾಂಪ್ ಕೂತಿರುವ ಡಬ್ಬಿ) ಬರುತ್ತಿತ್ತು. ಪಿಲ್ಲರ್‌ನಲ್ಲಿ ಅದು ಏರ್‌ಬ್ಯಾಗಿನ ಹಿಂದೆ, ತಗಡಿಗೆ ಅಂಟಿಕೊಂಡು ಹೋಗುತ್ತದೆ, ಹೊರಬರುವ ದಾರಿಗೆ ಎಲ್ಲಿಯೂ ಅಡ್ಡ ಬರುವುದಿಲ್ಲ. ತಯಾರಕರು ಯೋಚಿಸಿ ಆರಿಸಿದ ದಾರಿ ಕಣ್ಣೆದುರಿಗೇ ಇರುವಾಗ ನಾನು ನಡುಛಾವಣಿಯಲ್ಲಿ ದಾರ ತೂರಿಸುತ್ತ ಕೂತಿದ್ದೆ. ಹೊಸ ವೈರನ್ನು ಆ ಕಂತೆಯ ಜೊತೆಗೇ ಕಟ್ಟಿದೆವು, ಕಂತೆಗೆ ಮಾತ್ರ. ಏರ್‌ಬ್ಯಾಗಿನ ಪಕ್ಕದಲ್ಲಿ ಹಾದುಹೋಗುವ ದೂರ ಪಿಲ್ಲರ್‌ನ ಉದ್ದವಷ್ಟೇ. ಬಾಗಿಲುಗಳ ಮೇಲಿನ ಅಂಚಿಗೆ ವೈರು ಹೋಗುವ ಪ್ರಸಂಗವೇ ಇಲ್ಲ.

ಲೈನಿಂಗ್ ಮುಂದಿನರ್ಧ ಇಳಿಸಲು ಸನ್ ವೈಸರ್, ಮುಂದಿನ ಹಿಡಿಕೆಗಳು, ಕನ್ಸೋಲ್, ಎರಡೂ ಎ ಪಿಲ್ಲರ್ ಮತ್ತು ಬಿ ಪಿಲ್ಲರ್ (ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬ) ಮೇಲಿನ ಮುಚ್ಚಳ ತೆಗೆಯಬೇಕಾಯಿತು. ಹತ್ತು ಸೆಂಟಿಮೀಟರ್ ಇಳಿಸಿ, ಕೆಳಗೆ ಥರ್ಮೋಕೋಲ್ ತುಂಡುಗಳ ಆಸರೆ ಕೊಟ್ಟೆವು. ಅದಕ್ಕಿಂತ ಹೆಚ್ಚು ಇಳಿಸಿದರೆ ಬಾಗಿ ಗೆರೆ ಬೀಳುತ್ತದೆ. ಹಿಡಿಯುವಾಗ ಕೈಗೆ ತೊಳೆದ ಬಿಳಿ ಗ್ಲೌಸ್ ಇರಬೇಕು, ಆಯಿಲ್ ಬೆರಳಚ್ಚು ಬಿದ್ದರೆ ತಿಕ್ಕಿ ತೆಗೆಯುವಾಗ ಬಟ್ಟೆ ಫೋಮ್ ಬಿಟ್ಟು ಮೇಲೇಳುತ್ತದೆ.

ತೂತಿಗೆ ಜಾಗ ಆರಿಸಲು ಡ್ರಿಲ್ ಮಾಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕ್ಯಾರಿಯರ್‌ನ ಮುಂದಿನ ಅಡ್ಡಕಂಬಿಯ ಕೆಳಗೆ ಕೊಂಬೆ ತಾಗುವುದಿಲ್ಲ, ನೀರು ನಿಲ್ಲದೆ ಹರಿಯುವಷ್ಟು ಇಳಿಜಾರಿದೆ, ಒಳಗಡೆ ಮೊದಲ ಅಡ್ಡಪಟ್ಟಿಗೂ ಗಾಜಿನಂಚಿಗೂ ನಡುವಿನ ಬರಿ ತಗಡು. ಡ್ರಿಲ್ ಕಡ್ಡಿ ಒಳಗೆ ನುಗ್ಗಿ ಲೈನಿಂಗಿಗೆ ತಾಗದಂತೆ ನಡುವೆ ಮರದ ಹಲಗೆ ಇಟ್ಟೆವು. ತೂತಿನ ಅಂಚಿನ ಮುಳ್ಳು ಅರದಿಂದ ಉಜ್ಜಿ, ಕಬ್ಬಿಣದ ಪುಡಿಯನ್ನೆಲ್ಲ ಎತ್ತಿ, ಪ್ರೈಮರ್, ಪೇಂಟು ಹಚ್ಚಿ ಒಣಗಲು ಬಿಟ್ಟೆವು. ಈ ಹೆಜ್ಜೆ ಬಿಡುವವರೇ ಹೆಚ್ಚು, ತುಕ್ಕು ಕಾಣುವುದು ಎರಡು ವರ್ಷ ಬಿಟ್ಟಾದ್ದರಿಂದ. ಗ್ಲಾಂಡ್ ಕೆಳಗೆ ಹಚ್ಚಿದ್ದು ಪಾಲಿಯುರೆಥೇನ್ ಸೀಲಂಟ್. ವಿನೆಗರ್ ವಾಸನೆಯ ಸಾಮಾನ್ಯ ಸಿಲಿಕೋನ್ ಇಲ್ಲಿ ಬೇಡ, ಅದು ಒಣಗುವಾಗ ಬಿಡುವ ಆಮ್ಲ ತಗಡನ್ನೂ ತಾಮ್ರವನ್ನೂ ತಿನ್ನುತ್ತದೆ. ಹೊರಗಿನ ವೈರು ಗ್ಲಾಂಡ್‌ಗೆ ಬರುವ ಮೊದಲು ಒಮ್ಮೆ ಕೆಳಕ್ಕೆ ಬಾಗಿ ಮೇಲೇರುವ ಹಾಗೆ ಬಿಟ್ಟೆವು. ವೈರಿನ ಮೈಮೇಲೆ ಹರಿದುಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಹಿಂದಿನ ಮೂಲೆಯಲ್ಲಿ ಆಗುತ್ತಿದ್ದದ್ದು ಇದರ ತಿರುವುಮುರುವು: ವೈರು ಹೊರಗಿನಿಂದ ಒಳಕ್ಕೆ ಇಳಿಜಾರಾಗಿತ್ತು, ಬೀಡಿಂಗನ್ನು ಎತ್ತಿಹಿಡಿದಿತ್ತು. ನೀರಿಗೆ ಯಾರೂ ದಾರಿ ತೋರಿಸಬೇಕಾಗಿರಲಿಲ್ಲ.

ವೈರಿಂಗ್ ಭಾಗ ಬೇಗ ಮುಗಿಯಿತು. ದೂರ ಈಗ ಸುಮಾರು 4 ಮೀಟರ್. ಲೈಟ್ ಬಾರ್‌ಗೆ 2.5 ಚದರ ಮಿ.ಮೀ., ಕೆಲಸದ ಲೈಟ್‌ಗಳಿಗೆ 1.5, ಎರಡಕ್ಕೂ ಸೇರಿ ವಾಪಸು ಬರುವ ನೆಗೆಟಿವ್ 4 ಚದರ ಮಿ.ಮೀ. ಮೂರೂ 105 ಡಿಗ್ರಿ ತಾಳುವ ವಾಹನದ ವೈರು. ಮನೆಗೆ ಬಳಸುವ ಸಾಮಾನ್ಯ ಪಿವಿಸಿ ವೈರಿನ ಮಿತಿ 70, ಬಿಸಿಲಿಗೆ ನಿಂತ ಛಾವಣಿಯ ಕೆಳಗೆ ಅದು ಸಾಲದು. ಬಾನೆಟ್ ಒಳಗೆ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಆನ್-ಆಫ್ ಮಾಡುವ ಸ್ವಿಚ್), ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್‌ನ ನೀಲಿ ಮತ್ತು 7.5ರ ಕಂದು ಫ್ಯೂಸ್. ಬ್ಯಾಟರಿಯ ನೆಗೆಟಿವ್ ತಲೆಯ ಮೇಲೆ ಕರೆಂಟು ಅಳೆಯುವ ಸೆನ್ಸರ್ ಇದ್ದದ್ದರಿಂದ ನಮ್ಮ ನೆಗೆಟಿವನ್ನು ನೇರ ಅಲ್ಲಿಗೆ ಹಾಕದೆ, ಪಕ್ಕದ ಬಾಡಿ ಅರ್ತ್ ಬೋಲ್ಟಿಗೆ ಹಾಕಿದೆವು. ಇಲ್ಲದಿದ್ದರೆ ಲೈಟ್ ಎಳೆಯುವ ಕರೆಂಟು ಆ ಸೆನ್ಸರ್ ಲೆಕ್ಕಕ್ಕೆ ಸಿಗುವುದಿಲ್ಲ. ಲೈನಿಂಗ್ ಹಿಂದೆ ಒಂದೂ ಜೋಡಣೆ ಇಲ್ಲ, ಎಲ್ಲ ಕನೆಕ್ಟರ್ ಒಂದೋ ಬಾನೆಟ್ಟಿನಲ್ಲಿ, ಇಲ್ಲವೇ ಕ್ಯಾರಿಯರ್ ಮೇಲಿನ ಡಬ್ಬಿಯಲ್ಲಿ. ಹಳೇ ವೈರಿನ ಟಿಕ್ ಟಿಕ್ ಸದ್ದಿಗೆ ಕಾರಣ ಅದನ್ನು ಹೊದಿಸಿದ್ದ ಗಟ್ಟಿ ಪ್ಲಾಸ್ಟಿಕ್ ಕೊಳವೆ. ಈ ಸಲ ಕೊಳವೆಯ ಬದಲು ಮೆತ್ತನೆ ಬಟ್ಟೆ ಟೇಪ್ ಸುತ್ತಿದೆವು.

ಬಾರ್‌ಗೂ ಕೆಲಸದ ಲೈಟ್‌ಗಳಿಗೂ ಈಗ ಬೇರೆ ಬೇರೆ ಸ್ವಿಚ್. ಛಾವಣಿಯ ಬಾರ್‌ಅನ್ನು ಸಾರ್ವಜನಿಕ ರಸ್ತೆಯಲ್ಲಿ ಉರಿಸಲು ಹಲವು ಕಡೆ ನಿರ್ಬಂಧವಿದೆ. ಹಳೇ ವ್ಯವಸ್ಥೆಯಲ್ಲಿ ಹಿಂದಿನ ಒಂದು ಸಣ್ಣ ಲೈಟ್ ಬೇಕೆಂದರೂ ಎದುರಿನವರ ಕಣ್ಣು ಕುಕ್ಕಲೇಬೇಕಿತ್ತು.

ಇಷ್ಟು ಸುಸೂತ್ರವಾಗಿ ನಡೆಯುವಾಗ ಒಂದು ಎಡವಟ್ಟು. ರಿಲೇ ಪರೀಕ್ಷಿಸಲೆಂದು ಬ್ಯಾಟರಿ ಜೋಡಿಸಿದ್ದೆವು, ಲೈನಿಂಗ್ ಇನ್ನೂ ಕೆಳಗೇ ಇತ್ತು. ಕಿಟಕಿ ಗಾಜು ಇಳಿಸಲು ಹುಡುಗ ಇಗ್ನಿಷನ್ ಆನ್ ಮಾಡಿದ. ಪಕ್ಕದ ಸೀಟಿನ ಏರ್‌ಬ್ಯಾಗ್ ಆನ್ ಇದೆಯೋ ಆಫ್ ಇದೆಯೋ ತೋರಿಸುವ ಸಣ್ಣ ದೀಪ ಕನ್ಸೋಲ್ ಒಳಗಿದೆ, ಆ ಕನ್ಸೋಲ್ ಕಳಚಿ ಬೆಂಚಿನ ಮೇಲಿತ್ತು. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಎಚ್ಚರಿಕೆ ಹತ್ತಿತು, ಕನ್ಸೋಲ್ ಜೋಡಿಸಿದ ಮೇಲೂ ಆರಲಿಲ್ಲ. ಸ್ಕ್ಯಾನರ್ ತರಿಸಿ ವಾಹನದ ಕಂಪ್ಯೂಟರ್ ದಾಖಲಿಸಿದ್ದ ದೋಷದ ಕೋಡ್ ಅಳಿಸುವುದರಲ್ಲಿ ಅರ್ಧ ದಿನ ಹೋಯಿತು. ಹುಡುಗನನ್ನು ಗದರಿಸಲು ಬಾಯಿ ತೆರೆದೆ. ಕೀ ವಾಹನದಲ್ಲೇ ಬಿಟ್ಟವನು ನಾನೇ ಅನ್ನುವುದು ನೆನಪಾಯಿತು. ಈಗ ಲೈನಿಂಗ್ ಇಳಿದಿರುವ ವಾಹನದ ಕೀ ನನ್ನ ಜೇಬಿನಲ್ಲಿರುತ್ತದೆ.

ಆದದ್ದು

ಲೈನಿಂಗ್ ಮೇಲೆತ್ತುವ ಮೊದಲು ಒಂದು ದಿನ ಸೀಲಂಟ್ ಒಣಗಲು ಬಿಟ್ಟು, ಆಮೇಲೆ ಅರ್ಧ ಗಂಟೆ ಪೈಪಿನಿಂದ ನೀರು ಬಿಟ್ಟೆವು. ಒಳಗಿನಿಂದ ಗ್ಲಾಂಡ್ ಸುತ್ತ ಟಿಶ್ಯೂ ಒತ್ತಿ ನೋಡಿದರೆ ಒಣಗಿತ್ತು. ಎಲ್ಲ ಲೈಟ್ ಹಾಕಿದಾಗ ಬಾರ್ ಹತ್ತಿರ 13.4 ವೋಲ್ಟ್, ಒಟ್ಟು 13 ಆಂಪಿಯರ್. ಎಂಜಿನ್ ಆರಿಸಿದಾಗಲೂ ಮಿಣುಕಿಲ್ಲ.

ರೇಡಿಯೊ? ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಕರಕರಕ್ಕೆ ಎರಡು ಮೂಲ ಇದ್ದವು. ಈ ವಾಹನದ ಆಂಟೆನಾ ಛಾವಣಿಯ ಹಿಂಭಾಗದಲ್ಲಿದೆ. ಅದರ ಕೇಬಲ್ ಹಳೇ ವೈರಿನ ಪಕ್ಕದಲ್ಲೇ ಒಂದು ಮೀಟರ್‌ನಷ್ಟು ದೂರ ಹೋಗುತ್ತಿತ್ತು. ಎಲ್‌ಇಡಿ ಡ್ರೈವರ್ ಕರೆಂಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ತುಂಡರಿಸುತ್ತದೆ, ಆ ಗದ್ದಲ ವೈರಿನ ಮೇಲೆ ಬಂದು ಆಂಟೆನಾ ಕೇಬಲ್‌ಗೆ ಹತ್ತುತ್ತಿತ್ತು. ದಾರಿ ಬದಲಿಸಿದ್ದರಿಂದ ಅದು ನಿಂತಿತು. ಉಳಿದದ್ದು ಎಲ್ಲಿಂದ ಅಂತ ತಿಳಿಯಲು ಬಾರ್‌ನ ಪ್ಲಗ್ ಕಳಚಿ, ಕ್ಯಾರಿಯರ್ ಮೇಲೆ ಬೇರೊಂದು ಬ್ಯಾಟರಿ ಇಟ್ಟು ಉರಿಸಿದೆ. ವಾಹನದ ವೈರಿಗೂ ಬಾರ್‌ಗೂ ಈಗ ಸಂಬಂಧವೇ ಇಲ್ಲ, ಆದರೂ ದುರ್ಬಲ ಸ್ಟೇಷನ್‌ಗಳಲ್ಲಿ ಕರಕರ. ಅಂದರೆ ಬಾರ್ ತಾನೇ ಗಾಳಿಯಲ್ಲಿ ಗದ್ದಲ ಬಿಡುತ್ತಿದೆ. ಬಾರ್‌ನಿಂದ ಹೊರಬರುವ ವೈರಿಗೆ, ಬುಡದಲ್ಲೇ, ಫೆರೈಟ್ (ಇಂಥ ಗದ್ದಲ ತಗ್ಗಿಸುವ ಕಾಂತೀಯ ಬಳೆ) ಹಾಕಿದೆ, ಅದರ ಜೋಡಿ ವೈರನ್ನು ಒಂದಕ್ಕೊಂದು ತಿರುಚಿದೆ. ಇನ್ನಷ್ಟು ಇಳಿಯಿತು. ಉಳಿದದ್ದಕ್ಕೆ ಬಾರ್ ಬದಲಿಸಬೇಕು, ವಾಹನದ ರೇಡಿಯೊಗೆ ತೊಂದರೆಯಾಗದಂತೆ ಮಿತಿ ಹಾಕುವ ಸಿಸ್ಪರ್ 25 ಮಾನದಂಡಕ್ಕೆ ಪರೀಕ್ಷಿಸಿದ್ದನ್ನು ಆರಿಸಬೇಕು ಅಂತ ಹೇಳಿದೆ. ಈ ಪರೀಕ್ಷೆಯನ್ನು ನಾನು ಮೊದಲ ದಿನವೇ ಮಾಡಬಹುದಿತ್ತು. ಹತ್ತು ನಿಮಿಷದ ಕೆಲಸ, ಒಂದು ಪಿಲ್ಲರ್ ಬಿಚ್ಚಬೇಕಾಗಿರಲಿಲ್ಲ. ಹಾಗೆ ಮಾಡಿದ್ದರೆ ‘ಬಾರ್ ಬದಲಿಸಿ’ ಅಂತ ಹೇಳಿ ಕಳಿಸಿಬಿಡುತ್ತಿದ್ದೆನೋ ಏನೋ. ಏರ್‌ಬ್ಯಾಗ್ ಮೇಲಿನ ಟೈ ಹಾಗೇ ಇರುತ್ತಿತ್ತು. ಈ ಒಂದು ವಿಷಯದಲ್ಲಿ ನನ್ನ ಕ್ರಮ ತಪ್ಪಿದ್ದೇ ಒಳ್ಳೆಯದಾಯಿತು, ಆದರೆ ಅದನ್ನು ನನ್ನ ಜಾಣತನ ಅನ್ನಲಾರೆ.

ಅಂದಿನಿಂದ ನನ್ನ ಎರಡು ಪದ್ಧತಿ ಬದಲಾಗಿವೆ. ಛಾವಣಿಯ ಮೇಲೆ ಹೊರಗಿನವರು ಹಾಕಿದ ಲೈಟ್ ಇರುವ ವಾಹನ ಯಾವ ಕೆಲಸಕ್ಕೆ ಬಂದರೂ, ಮಾಲೀಕರನ್ನು ಕೇಳಿ, ವೈರು ಎಲ್ಲಿಂದ ಹೋಗಿದೆ ಅಂತ ಎ ಪಿಲ್ಲರ್ ಹತ್ತಿರ ನೋಡುತ್ತೇನೆ. ಪಿಲ್ಲರ್ ಮುಚ್ಚಳದ ಮೇಲೆ ಏರ್‌ಬ್ಯಾಗ್ ಅಂತ ಅಚ್ಚೊತ್ತಿದ್ದರೆ ಅದರ ಹಿಂದೆ ಏನಿದೆ ಅಂತ ಊಹಿಸಬೇಕಾಗಿಲ್ಲ. ಎರಡನೆಯದು, ‘ತೂತು ಬೇಡ’ ಎಂಬ ಮಾತು ಕೇಳಿದಾಗ ಆ ಒಂದು ತೂತು ತಪ್ಪಿಸಲು ಏನೇನು ತೆರಬೇಕಾಗುತ್ತದೆ ಎಂಬುದನ್ನು ಮಾಲೀಕರ ಮುಂದೆ ಕಾಗದದಲ್ಲಿ ಬರೆದು ತೋರಿಸುತ್ತೇನೆ: ಇಷ್ಟು ಮೀಟರ್, ಇಷ್ಟು ವೋಲ್ಟ್, ನೀರು ಇಲ್ಲಿಂದ. ತೀರ್ಮಾನ ಅವರದು. ಆದರೆ ಅವರನ್ನು ಮೆಚ್ಚಿಸಲು ನಾನೇ ಒಂದು ಅಡ್ಡದಾರಿ ಹುಡುಕಿ ಕೊಡುವುದಿಲ್ಲ.

ಆರು ತಿಂಗಳ ನಂತರ ವಾಹನ ಬೇರೆ ಕೆಲಸಕ್ಕೆ ಬಂದಿತ್ತು. ಗ್ಲಾಂಡ್ ಸುತ್ತ ತುಕ್ಕಿಲ್ಲ, ಹಿಂದಿನ ಮೂಲೆ ಒಣಗಿದೆ. ಹಳೇ ಒದ್ದೆಯ ಕಂದು ಗೆರೆ ಮಾತ್ರ ಹಾಗೇ ಇದೆ. ಬಾರ್ ಬದಲಿಸಿಲ್ಲ, ರಾತ್ರಿ ರೇಡಿಯೊ ಕೇಳುವುದನ್ನೇ ಬಿಟ್ಟಿದ್ದಾರಂತೆ. ಎರಡನೇ ಸಾಲಿನ ಮೇಲೆ ನಾನು ಮಾಡಿದ ಗುಬುಟು ಓರೆ ಬಿಸಿಲು ಬಿದ್ದಾಗ ಚೆನ್ನಾಗಿ ಕಾಣುತ್ತದೆ. ನನ್ನ ಖರ್ಚಿನಲ್ಲಿ ಲೈನಿಂಗ್ ಬದಲಿಸಿಕೊಡುತ್ತೇನೆ ಅಂದೆ. ‘ಬೇಡ, ಮತ್ತೆ ಅದನ್ನೆಲ್ಲ ಬಿಚ್ಚೋದು ನನಗೆ ನೋಡಕ್ಕಾಗಲ್ಲ’ ಅಂತ ಕೀ ತೆಗೆದುಕೊಂಡು ಹೊರಟರು.